ಡಬಲ್ ಹೊಲಿಗೆ

ಜಿಪ್ಪು ಅಂತ ಹೆಸರಿಟ್ಟವರು ಯಾರೋ, ನೆನಪಿಲ್ಲ.
ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಎಂಟು ಮಷಿನ್ನು, ಒಂಬತ್ತನೆಯ ಸದ್ದು ಅವನದು.
ಜೀನ್ಸಿನ ಚಿಂದಿ ಗುಡ್ಡೆಯ ಮೇಲೆ ಮಲಗೀ ಮಲಗೀ
ಕಂದು ನಾಯಿಗೆ ಹೊಟ್ಟೆಯಡಿ
ನೀಲಿ ಹತ್ತಿತ್ತು.

ಎರಡು ಸಲ ಕಳೆದ. ಎರಡು ಸಲವೂ
ಮಿರ್ಚಿ ಬಂಡಿಯ ಹಿಂದೆ ಸಿಕ್ಕ.
ಮೂರನೆಯದಕ್ಕೆ ಮೊದಲೇ ತಮ್ಮನ ಮಗ ದಾದಾಪೀರ
ಒಂದು ಬಿಲ್ಲೆ ತರಿಸಿದ,
ಎರಡು ಸಾವಿರಕ್ಕೆ ಐವತ್ತು ಕಮ್ಮಿ,
ಒಳಗಿನ ಸಿಮ್ಮಿಗೆ ತಿಂಗಳಾ ದುಡ್ಡು ಬೇರೆ.
“ನಾಯಿಗೂ ಕರೆನ್ಸಿ ಹಾಕಿಸ್ತಿಯೇನೆ ಮಾಬುನ್ನಿ?”
ಶೆಡ್ಡೆಲ್ಲ ನಕ್ಕಿತು. ನಾನೂ.

ಸೊಂಟಪಟ್ಟಿಯ ತುಂಡು ತಗೊಂಡೆ,
ಅದಕ್ಕೊಂದು ಗಿಡ್ಡ ಜೇಬು, ಜೇಬಿನಲ್ಲಿ ಬಿಲ್ಲೆ.
ಗುಂಡಿ ಇಟ್ಟರೆ ಕಿತ್ತಾನು ಅಂತ
ಅವನ ಕುತ್ತಿಗೆಯ ಮೇಲೇ ಸೂಜಿ ಆಡಿಸಿ ಮುಚ್ಚಿದೆ,
ಹಳದಿ ದಾರ, ಡಬಲ್ ಹೊಲಿಗೆ.
ಅಲುಗಾಡದೆ ಕೂತಿದ್ದ, ಪಾಪ.

ಯಾರದೋ ಮದುವೆ, ಪಟಾಕಿ. ಓಡಿದ.

ಊರನ್ನು ಮೇಲಿನಿಂದ ನೋಡಿದ್ದು ಅವತ್ತೇ ಮೊದಲು.
ಅಷ್ಟು ದೊಡ್ಡ ಬಂಡೆಗುಡ್ಡ ಅಲ್ಲಿ ಬೂದಿ ಬಣ್ಣದ ಒಂದು ಕಲೆ.
ವಾಷಿಂಗಿನ ನೀಲಿ ಮೋರಿ ನಕ್ಷೆಯಲ್ಲಿ ಇಲ್ಲವೇ ಇಲ್ಲ.
ಚುಕ್ಕಿ ರೈಲು ಹಳಿ ದಾಟಿತು,
ಬಂಡಿಹಟ್ಟಿ ಕಡೆ ಹೋಗಿ ನಿಂತಿತು.
ಬೆಳಿಗ್ಗೆ ಹೋದೆ. ‘ಬಂದು ಮುಟ್ಟಿದ್ದೀರಿ’ ಅಂತು ಫೋನು.
ಎದುರಿಗೆ ತಗಡಿನ ಗೋಡೆ.
“ಇಪ್ಪತ್ತು ಹೆಜ್ಜೆ ಆಚೀಚೆ ಆಗ್ತೈತೆ, ಅತ್ತೀ.”
ಆ ಇಪ್ಪತ್ತು ಹೆಜ್ಜೆಯೊಳಗೆ
ಏಳು ಮನೆ, ಒಂದು ಹಿಟ್ಟಿನ ಗಿರಣಿ, ಬೈಯುವ ಒಬ್ಬ ಮುದುಕ.
ಜಿಪ್ಪೂ ಜಿಪ್ಪೂ ಅಂದರೆ
ಹುಡುಗರು ಪ್ಯಾಂಟು ಮುಟ್ಟಿ ನೋಡಿಕೊಂಡರು.

ಆಮೇಲೆ ಮಷಿನ್ನಿನ ಪಕ್ಕ ಫೋನಿಟ್ಟುಕೊಂಡು ಕೂತೆ.
ಒಂಬತ್ತೂವರೆಗೆ ಚುಕ್ಕಿ ಹೊರಡುತ್ತದೆ.
ಒಂದು ಕಟ್ಟಡದೊಳಗೆ ಹೋಗುತ್ತದೆ.
ನಾಲ್ಕೂ ಕಾಲಿಗೆ ಅದೇ ದಾರಿ ಹಿಡಿದು ವಾಪಸ್ಸು.
ಭಾನುವಾರ ಮನೆ ಬಿಡಲೇ ಇಲ್ಲ.
ಕಾಜಾ ಹೊಲಿಯುವ ಯಂಕಮ್ಮ ದಾರ ಕಚ್ಚಿ ಉಗುಳಿ ಅಂದಳು:
“ನಾಯಿಗೆ ಭಾನುವಾರ ಗೊತ್ತಾಗಲ್ಲ ಕಣೇ.”

ಸೋಮವಾರ ಸರ್ಕಾರಿ ಶಾಲೆಯ ಗೇಟಿನಲ್ಲಿ ನಿಂತೆ.
ಗಂಟೆ ಹೊಡೆಯಿತು. ಚುಕ್ಕಿ ನನ್ನ ಕಡೆಗೇ ನಡೆದು ಬಂತು,
ಎರಡು ಜಡೆ, ಮೂರನೇ ಕ್ಲಾಸು, ಹೆಸರು ಹುಲಿಗಿ,
ರಟ್ಟೆಗೆ ಪಿನ್ನು ಹಾಕಿ ಸಿಗಿಸಿದ ನನ್ನ ಪಟ್ಟಿ,
ತಾಯಿತದ ಹಾಗೆ.

“ಯಾಕವ್ವ ಬಿಚ್ಚಿದಿ?”
“ಉಸುರು ಕಟ್ಟತಿತ್ತು ಅಕ್ಕ. ನೀರಿಟ್ರೆ ನುಂಗಾಕ ಆಗವಲ್ದು.
ನಮ್ಮವ್ವನ ಕತ್ತರಿ ತಂದು ಕೊಯ್ದೆ.
ದಾರ ಬಾಳ ಗಟ್ಟಿ ಇತ್ತು.”
“ಆಮ್ಯಾಲೆ?”
“ಮೈ ಝಾಡಿಸ್ತು. ಹೋತು.”

ದಾರ ಬಾಳ ಗಟ್ಟಿ ಇತ್ತು.
ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೊಲಿಗೆಗೆ
ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ.
ಮಡಿಕೆಯೊಳಗೆ ನಾಲ್ಕು ಕಂದು ಕೂದಲು.

ಆಗ ಹೊಳೆಯಿತು, ಬೆನ್ನು ತಣ್ಣಗಾಯಿತು:
ಒಂದು ವಾರ ಈ ಮಗು ಎಲ್ಲಿ ಆಡಿತು, ಎಲ್ಲಿ ಮಲಗಿತು,
ಯಾವ ಸಂದಿಯಲ್ಲಿ ತಿರುಗಿತು, ನನಗೆ ಗೊತ್ತು.
ಅದರ ತಾಯಿಗೆ ನನ್ನ ಹೆಸರೂ ಗೊತ್ತಿಲ್ಲ.
ಸೆರಗಿನ ಗಂಟಿನಿಂದ ದಾರಗತ್ತರಿ ತೆಗೆದೆ,
ಜೇಬಿನ ಬಾಯಿ ಬಿಚ್ಚಿ ಬಿಲ್ಲೆ ಇಸಕೊಂಡೆ.
“ಹಸಿರು ಮಿಣುಕತಿತ್ತಲ್ಲ, ಅದು?”
“ಅದು ನಂದು. ಪಟ್ಟಿ ನೀನಿಟಗ.”
ಸಡಿಲ ಮಾಡಿ ಕಟ್ಟಿದೆ, ಎರಡು ಬೆರಳು ತೂರುವಷ್ಟು.

ಈಗ ಬಿಲ್ಲೆ ಶೆಡ್ಡಿನ ಮೊಳೆಗೆ ನೇತಾಡುತ್ತದೆ.
ಚಾರ್ಜು ಇರುವ ತನಕ ಫೋನು ಹೇಳುತ್ತಲೇ ಇತ್ತು,
ಜಿಪ್ಪು ಮನೆಯಲ್ಲಿದ್ದಾನೆ, ಜಿಪ್ಪು ಮನೆಯಲ್ಲಿದ್ದಾನೆ.

ಸಂಜೆ ಹಳಿಯಾಚೆ ಹೋಗಿ ಬರುತ್ತೇನೆ, ಬರಿಗೈಲಿ.
ಕಂದು ನಾಯಿ ಕಂಡರೆ ಕುತ್ತಿಗೆ ನೋಡುವುದು,
ಕೂದಲು ಸವೆದ ಗೆರೆ ಇದೆಯಾ ಅಂತ.
ಬಗ್ಗಿ ಹೊಟ್ಟೆಯಡಿ ನೋಡುವುದು.
ಮಳೆಗೆ ಹೋಗಿರಬಹುದು ಅನ್ನುತ್ತಾಳೆ ಯಂಕಮ್ಮ.
ಹೋಗಲ್ಲ. ನಮ್ಮ ಬಣ್ಣ ಅದು,
ಮೂರು ವಾಷಿಗೂ ಹೋಗಲ್ಲ.