ಖಾಲಿ ಚೌಕ

ಗದಗ ತಹಸೀಲ್ದಾರ ಕಚೇರಿಯ ಬೇವಿನ ಬುಡಕ್ಕ
ಒಂದು ಟೇಬಲ್ಲು: ಮೂರು ಕಾಲು, ಒಂದು ಇಟ್ಟಂಗಿ.
ಇಪ್ಪತ್ತಾರು ವರ್ಷ ಕೂತೇನಿ ನಾ, ಅರ್ಜಿ ಬರಕೋಂತ.
ಸತ್ತವರ ಹೆಸರು ಮ್ಯಾಲ,
ಇದ್ದವರ ಹೆಸರು ಕೆಳಗ,
ನಡುವ ಸ್ಕೇಲು ಹಿಡದು ಎಳೆದ ಗೀಟು.
ವಂಶಾವಳಿ ಅಂದ್ರ ಇಷ್ಟ.

ಬೆಟಗೇರಿಯಿಂದ ಬಂದಿದ್ರು ಮೇರವಾಡೆ ಮನಿಯವರು.
ವಾಮನಸಾ ತೀರಿ ಇನ್ನೂ ತಿಂಗಳು ಕಳದಿಲ್ಲ.
ಎರಡು ಮಗ್ಗ, ಸಾಲ ಅರ್ಧ ತೀರಿದ ಒಂದು ಮನಿ,
ತಾನ ದುಡದು ಕೊಂಡದ್ದು, ಅಪ್ಪನದಲ್ಲ.
ಅಣ್ಣ ಗಣಪತಸಾ ಬೆರಳು ಮಡಚಿ ಹೇಳಿದ:
"ತಾಯಿ, ಹೆಂಡ್ತಿ, ಒಬ್ಬಾಕಿ ಮಗಳು.
ಮೂರ ಮಂದಿ, ಬರೀರಿ.
ಜೋಡಿಗೆ ಒಂದು ಹಕ್ಕುಬಿಡುಗಡೆ ಪತ್ರ.
ಆಕಿ ಹೆಂಗೂ ತವರಿಗೆ ಹೋಗಾಕಿ,
ಸ್ವಖುಷಿಯಿಂದ ಅಂತ ಹಾಕಿಬಿಡ್ರಿ."

ಸ್ವಖುಷಿಯಿಂದ.
ಎಷ್ಟು ಸಲ ಬರದೇನಿ ಆ ಶಬ್ದ,
ಬರದು, ನಡಗೂ ಹೆಬ್ಬೆಟ್ಟಿಗೆ ನಾನ ಮಸಿ ಹಚ್ಚೇನಿ.

ಇಂದೂಬಾಯಿ ಮಾತಾಡಲಿಲ್ಲ. ಆರು ತಿಂಗಳ ಬಸರಿ,
ಕೂಡ್ರಾಕ ಜಾಗ ಹುಡುಕತಿದ್ಲು.
ನಾ ಎದ್ದು ಸ್ಟೂಲು ಕೊಟ್ಟೆ. ಅಷ್ಟರಾಗ ಮುದುಕಿ,
ಸತ್ತವನನ್ನೂ ನಿಂತವನನ್ನೂ ಹಡದಾಕಿ,
ಅಂದ್ಲು: "ನಾಕು."
"ಯವ್ವಾ, ಹುಟ್ಟಲಿ ಮೊದಲ."
"ಸೀರಿ ಮುಗದ ಮ್ಯಾಲ ಗೇಣು ಹಾಸು ಹಂಗ ಬಿಡತೀವಿ,
ಹೊಕ್ಕು ಹಾಕೂದಿಲ್ಲ.
ಅದನ್ನ ಯಾರರ ಖಾಲಿ ಅಂತಾರೇನೋ?
ಮುಂದಿನ ಸೀರಿ ಅಲ್ಲಿಂದ ಸುರು."

ಕಾಯ್ದೆನೂ ಅದನ್ನ ಹೇಳತೈತಿ, ನಾ ಅಂದೆ,
ಇಷ್ಟು ಚಂದಾಗಿ ಅಲ್ಲ ಖರೆ:
ಅಪ್ಪ ಸಾಯೂ ಹೊತ್ತಿಗೆ ಗರ್ಭದಾಗಿದ್ದು
ಮುಂದ ಜೀವಂತ ಹುಟ್ಟಿದ ಕೂಸಿಗೆ
ಮೊದಲ ಹುಟ್ಟಿದವರಷ್ಟ ಪಾಲು.
ಗಂಡೋ ಹೆಣ್ಣೋ, ಅದು ಕೇಳೂದಿಲ್ಲ.
'ಜೀವಂತ' ಅನ್ನೂಮುಂದ ಇಂದೂಬಾಯಿ ನನ್ನ ನೋಡಿದ್ಲು.
ಆ ಶಬ್ದ ಸಣ್ಣಗ ಓದಬೇಕಿತ್ತು ನಾ.

ಗಣಪತಸಾ ಚಾ ತರತೇನಂತ ಹೋದ.
ಚಾ ಬರಲಿಲ್ಲ.
ಛಾಪಾ ಕಾಗದ ನನ್ನ ಕಡೆನ ಉಳೀತು.
ನಾಕನೇ ಚೌಕ ಎಳೆದೆ, ಏನೂ ತುಂಬಲಿಲ್ಲ.
ಕಚೇರಿಯೊಳಗ ಕಂಪ್ಯೂಟರಿನ ಹುಡುಗ ತಲಿ ಕೆರಕೊಂಡ:
"ಹೆಸರಿಲ್ಲದ ಮುಂದ ಹೋಗೂದಿಲ್ರೀ ಇದು,
ಕೆಂಪು ಚುಕ್ಕಿ ಬರತೈತಿ."
ಬರಲಿ ಬಿಡು. ಸಾಹೇಬರು ಬರೂತನ ಕೂತ್ವಿ.

ದೀಪಾವಳಿ ಕಳದ ಮ್ಯಾಲ ಬಂದ್ರು ಅತ್ತಿ ಸೊಸಿ,
ಕೌದಿಯೊಳಗ ಎರಡು ತಿಂಗಳ ಕೂಸು.
ಪೆನ್ನಿನ ಟೊಪ್ಪಿಗಿ ತಗದು ಕೇಳಿದೆ: ಹೆಸರು?
"ಇನ್ನೂ ಇಟ್ಟಿಲ್ರೀ.
ಅದರ ದೊಡ್ಡಪ್ಪ ಒಂದು ಹೇಳಿ ಕಳಿಸ್ಯಾನ,
ನಮಗ ಸೇರಿಲ್ಲ."
ಟೊಪ್ಪಿಗಿ ಮತ್ತ ಹಾಕಿದೆ.
ಅವಸರೇನಿಲ್ಲ, ಕೂಡ್ರಿ, ಅಂದೆ.