ಎರಡು ಅಡಿಪಟ್ಟಿ

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಹನ್ನೊಂದು ದಿನದಿಂದ
ಒಂದೇ ಮಾತು ಕುದಿಯುತ್ತಿದೆ,
ಕುಲುಮೆಯಲ್ಲಲ್ಲ, ನನ್ನ ಟೇಬಲ್ಲಿನ ಮೇಲೆ.
ಆಫೀಸಿನ ಡೆಸ್ಕ್‌ಟಾಪಿಗೂ
ಉಸುಕಿನ ನಡುವಿನ ಟ್ಯಾಬ್ಲೆಟ್ಟಿಗೂ
ಒಂದೇ ಪ್ರೋಗ್ರಾಮು ಸಾಕು ಅನ್ನುತ್ತಾರೆ ಮಾಲೀಕರು.
ಸಾಕು ಅವರಿಗೆ ಬಹಳ ಪ್ರೀತಿಯ ಶಬ್ದ.

ಮೂರು ಚೌಕಟ್ಟು ಇಳಿಸಿ, ಕಟ್ಟಿ, ಕೆಡವಿದ್ದೇನೆ.
ಮೊದಲನೆಯದು ಹೊಟ್ಟೆಯಲ್ಲಿ ಇಡೀ ಬ್ರೌಸರನ್ನೇ ಹೊತ್ತು
ಕುಲಕರ್ಣಿಯವರ ಹಳೇ ಯಂತ್ರದಲ್ಲಿ ಏದುಸಿರು ಬಿಡುತ್ತದೆ.
ಎರಡನೆಯದು ಗುಂಡಿ, ಗೆರೆ, ಅಕ್ಷರ ಎಲ್ಲ ತಾನೇ ಬಿಡಿಸಿಕೊಳ್ಳುತ್ತದೆ.
ಚೆಂದ. ಆದರೆ ‘ಹೊಯ್ದದ್ದು’ ಅಂತ ಬರೆದರೆ
ಒತ್ತುಗಳು ಕಳಚಿ ಪಕ್ಕದಲ್ಲಿ
ಹಾಜರಿಗೆ ಬಂದವರ ಹಾಗೆ ಸಾಲಾಗಿ ನಿಲ್ಲುತ್ತವೆ.
ಮೂರನೆಯದು ಮುದುಕ, ಎಲ್ಲ ಬಲ್ಲ,
ವರ್ಷಾವರ್ಷ ಲೈಸೆನ್ಸಿಗೆ ಕೈಚಾಚುತ್ತಾನೆ.

‘ಒಮ್ಮೆ ಬರೀರಿ, ಎಲ್ಲಾ ಕಡೆ ಓಡ್ತದ’
ಅಂದ ಹುಬ್ಬಳ್ಳಿಯಿಂದ ಬಂದವ, ಸ್ಲೈಡು ಸರಿಸುತ್ತ.
ಹೋಗುವಾಗ ಎರಡು ಕಿಲೋ ಕುಂದಾ ಕಟ್ಟಿಸಿಕೊಂಡ.

ಪ್ಯಾಟರ್ನ್ ಶಾಪಿನಲ್ಲಿ ಮೋನಪ್ಪ ಬಡಿಗೇರ
ಸಾಗವಾನಿಯ ಪಂಪಿನ ಬೆನ್ನು ಉಜ್ಜುತ್ತಿದ್ದ.
‘ಮೋನಪ್ಪಣ್ಣ, ಒಂದೇ ಪ್ಯಾಟರ್ನ್ ಇಟ್ಟು
ಬೀಡೂ ಅಲ್ಯೂಮಿನಿಯಮ್ಮೂ ಹೊಯ್ಯಬಹುದೇನು?’
‘ಹೊಯ್ಯಾಕೇನ್ರಿ.’
ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟ.
‘ಆರಿದ ಮ್ಯಾಲ ನೋಡ್ರಿ.
ಬೀಡು ಅಡಿಗೆ ಒಂದು ನೂಲು ಕುಗ್ತೈತಿ,
ಅದು ಇನ್ನೂ ಜಾಸ್ತಿ.
ಪ್ಯಾಟರ್ನ್ ಒಂದಽ, ಸಾಮಾನು ಎರಡು ಅಳತಿ.’

ಮೊಳೆಯಿಂದ ಎರಡು ಪಟ್ಟಿ ಇಳಿಸಿ ಕೈಗಿಟ್ಟ.
ಎರಡರ ಮೇಲೂ ಒಂದಡಿ ಅಂತಲೇ ಕೊರೆದಿದೆ.
ಜೋಡಿಸಿ ಹಿಡಿದರೆ ಒಂದು
ಉಗುರಂಚಿನಷ್ಟು ಉದ್ದ.
‘ಎರಡೂ ಸುಳ್ಳಽ ರೀ, ಮೇಡಂ.
ಯಾವ ಸುಳ್ಳು ಎಲ್ಲಿ ನಡೀತೈತಿ, ಅದು ಗೊತ್ತಿರಬೇಕು.’

ಹೊರಗೆ ಇಮಾಮಸಾಬ ನದಾಫ
ನನ್ನ ಚೆಂದದ ಗುಂಡಿಯನ್ನು ಮೂರು ಸಲ ಒತ್ತಿದ.
ಕೈಗವಸಿನ ಬೆರಳು ಗಾಜಿಗೆ ಗೊತ್ತಾಗಲಿಲ್ಲ.
ಹಲ್ಲಿನಿಂದ ಗವಸು ಎಳೆದು, ಉಸುಕು ಉಗುಳಿ, ನಾಲ್ಕನೇ ಸಲ.
ಒಳಗೆ ಕುಲಕರ್ಣಿಯವರು ಕೀಲಿಮಣೆ ನೋಡದೆಯೇ
ನಲವತ್ತು ಚಲನ್ ಹೊಡೆದು
ಎಲೆಅಡಿಕೆ ಮಡಿಸುತ್ತಿದ್ದರು.
ಅವರಿಗೆ ಬೇಕು ಒಂದೇ ಪುಟದಲ್ಲಿ ಇಡೀ ತಿಂಗಳು,
ಇವನಿಗೆ ಬೇಕು ರೊಟ್ಟಿಯಗಲದ ಎರಡು ಗುಂಡಿ:
ಆತು. ಒಡೀತು.

ಸಂಜೆ ಎರಡನೆಯದಕ್ಕೇ ಹೂಂ ಅಂದೆ.
ತಳದಲ್ಲಿ ಲೆಕ್ಕ ಒಂದು, ಮೇಲೆ ಮುಖ ಎರಡು.
ಎರಡು ಪಟ್ಟು ಕೆಲಸ ಅಲ್ಲ,
ಒಂದು ಪಟ್ಟಂತೂ ಅಲ್ಲವೇ ಅಲ್ಲ.
ಮಾಲೀಕರಿಗೆ ‘ಒಂದೇ’ ಅಂತ ಮೇಲ್ ಹಾಕಿದೆ.
ಅಲ್ಲಿ ಆ ಪಟ್ಟಿ ನಡೆಯುತ್ತದೆ.

ಕುಲುಮೆ ಆರಿಸಿ ಎಲ್ಲರೂ ಹೋದ ಮೇಲೂ
ಪರದೆಯ ಮೇಲೆ ಆ ದ, ಆ ಯ
ಒತ್ತಿಗೆ ಇಳಿಯದೆ ನಿಂತೇ ಇವೆ.
ಬೇರೆ ಫಾಂಟ್ ಹಾಕಿ ನೋಡಬೇಕು ನಾಳೆ.