ಹದಿನಾಲ್ಕನೆಯ ಮಣಿ

ಹಿಸ್ಕೆಯ ಕೆಲಸ ನೀರೆತ್ತುವುದು.
ಫ್ರೀಸ್‌ಲ್ಯಾಂಡಿನ ಆ ಊರು ಕಡಲಿಗಿಂತ ಒಂದೂವರೆ ಮೀಟರು ತಗ್ಗು;
ಪಂಪು ನಿಂತರೆ ಮೊದಲು ಹುಲ್ಲಿನ ಬೇರು ತೊಯ್ಯುತ್ತದೆ,
ಆಮೇಲೆ ಕುರಿಯ ಗೊರಸು,
ಆಮೇಲೆ ಇಗರ್ಜಿಯ ಹೊಸ್ತಿಲು.
ಇಪ್ಪತ್ತು ವರ್ಷ, ಒಂದು ದಿನವೂ ಅವಳದನ್ನು ನಿಲ್ಲಗೊಟ್ಟಿಲ್ಲ.

ತಮ್ಮ ರೀಮರ್ ನಿಂತ.
ಕಾಲುವೆ ಗಾಜುಗಟ್ಟಿದ ಫೆಬ್ರವರಿಯ ಬೆಳಿಗ್ಗೆ
ಸ್ಕೇಟು ಕಟ್ಟಿ ಹೊರಟವನು ಸೇತುವೆಯಡಿ ತಲೆ ಬಗ್ಗಿಸಿದ,
ಆಚೆ ಬದಿಗೆ ಬರಲಿಲ್ಲ.
ಮೂವತ್ತಾರು. ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ.

‘ನಮ್ಮ ಮನೆಯ ಗಂಡಸರ ಎದೆಯೇ ಹಾಗೆ’ ಎಂದಳು
ಸೋದರತ್ತೆ ಔಕ್ಯೆ, ಕಾಫಿಗೆ ಸಕ್ಕರೆ ಕಲಕುತ್ತ.
ಅಜ್ಜ ಸೀಟ್ಸೆ ಹುಲ್ಲಿನ ಬಂಡಿಯ ಮೇಲೆ.
ಅವನ ಅಕ್ಕ ಬಾಣಂತನದಲ್ಲಿ; ಜ್ವರ ಎಂದು ಬರೆದರು.
ಇಗರ್ಜಿಯ ಪುಸ್ತಕದಲ್ಲಿ ಪಾದ್ರಿಯ ದುಂಡು ಕೈ: ದೇವರು ಕರೆದ.
ಯಾಕೆ ಕರೆದ ಎಂಬ ಅಂಕಣ
ಆ ಪುಸ್ತಕದಲ್ಲಿ ಇರಲಿಲ್ಲ.

ಗ್ರೋನಿಂಗನ್ ಆಸ್ಪತ್ರೆಯ ಡಾಕ್ಟರು ಕಾಗದ ಎಳೆದುಕೊಂಡಳು.
ಚೌಕವೆಂದರೆ ಗಂಡು, ಸೊನ್ನೆಯೆಂದರೆ ಹೆಣ್ಣು,
ಸತ್ತವರ ಮೈಮೇಲೆ ಓರೆಗೆರೆ.
ಬುಡಮೇಲಾಗಿ ಒಂದು ಮರ ಬೆಳೆಯಿತು.
‘ಆರೇಳು ನೂರು ವರ್ಷದ ಹಿಂದೆ ಯಾರೋ ಒಬ್ಬರಲ್ಲಿ
ಮೂರಕ್ಷರ ಬಿಟ್ಟುಹೋಯಿತು.
ಐವತ್ತೆರಡು ಮಣಿಯ ಪುಟ್ಟ ಸರ,
ಹದಿನಾಲ್ಕನೆಯದು ಇಲ್ಲ. ಅಷ್ಟೇ.’

ಅಷ್ಟೇ.
ನಮ್ಮ ನುಡಿಯಲ್ಲಿ ಹೃದಯಕ್ಕೂ ಮೂರೇ ಅಕ್ಷರ.
ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದು ಅನ್ನುತ್ತೇವೆ;
ಬರೆಯುವಾಗ ಬಿಟ್ಟದ್ದನ್ನು ಏನೆನ್ನಬೇಕೋ
ಗಾದೆ ಕಟ್ಟಿದವರು ಹೇಳಿಹೋಗಿಲ್ಲ.

ಹಿಸ್ಕೆಗೆ ತಿಳಿದದ್ದು ಪಂಪಿನ ಮಾತು ಬಂದಾಗ.
ಬಡಿತ ಬಡಿತಕ್ಕೂ ಸ್ನಾಯುವಿನ ಕಣದೊಳಗೆ ಕ್ಯಾಲ್ಸಿಯಂ ಉಬ್ಬರ,
ಹಿಂಡಿ ಆದಮೇಲೆ ಅದನ್ನೆತ್ತಿ ಉಗ್ರಾಣಕ್ಕೆ ಸುರಿಯಬೇಕು,
ಆಗಲೇ ಎದೆ ಸಡಿಲ, ಆಗಲೇ ಮುಂದಿನ ಬಡಿತ.
ಎತ್ತುವ ಪಂಪಿಗೊಂದು ಬ್ರೇಕು. ಆ ಬ್ರೇಕೇ ಈ ಸರ.
ಮಣಿ ಉದುರಿದ ಸರ ಹಿಡಿದದ್ದನ್ನು ಬಿಡುವುದಿಲ್ಲ.
‘ಅಂದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ’ ಎಂದಳು ಹಿಸ್ಕೆ.
ಡಾಕ್ಟರು ಪೆನ್ನು ಕೆಳಗಿಟ್ಟಳು.

ಅವಳ ಇಸಿಜಿಯ ಅಲೆಗಳೂ ಗಿಡ್ಡ,
ಗುಡ್ಡವಿಲ್ಲದ ಅವಳ ನಾಡಿನ ಹಾಗೆ.
ಅವಳಲ್ಲೂ ಇದೆ.
ಇದ್ದವರೆಲ್ಲ ಬೀಳುವುದಿಲ್ಲ: ಔಕ್ಯೆಗೆ ಎಂಬತ್ತೊಂದು,
ಗಂಡಸರ ಕಾಯಿಲೆ ಎಂದ ಅವಳಲ್ಲೂ ಇದೆ,
ಗಾಳಿಗೆದುರಾಗಿ ಸೈಕಲ್ ತುಳಿದು ಸಂತೆಗೆ ಹೋಗುತ್ತಾಳೆ.
ಹಿಸ್ಕೆಯ ಕೊರಳೆಲುಬಿನ ಕೆಳಗೆ ಒಂದು ಡಬ್ಬಿ ಹೂತರು,
ಲಯ ತಪ್ಪಿದರೆ ಒದ್ದು ಎಬ್ಬಿಸಲು.
ಮೊದಲ ವಾರ ಅದರ ಮೇಲೆ ಮಗ್ಗುಲಾಗಲು ಹೆದರಿದಳು,
ಮಗುವಿನ ಮೇಲೆ ಹೊರಳಿಬಿಡುವೆನೋ ಎಂಬಂತೆ.

ಹತ್ತೊಂಬತ್ತು ನೆಂಟರಿಗೆ ಕಾಗದ ಬರೆದಳು:
ರಕ್ತ ಕೊಡಿ, ನೋಡಿಸಿಕೊಳ್ಳಿ, ತಲೆ ತಿರುಗಿದರೆ ತಾತ್ಸಾರ ಬೇಡ.
ಹನ್ನೊಂದು ಜನ ಹೋದರು.
ಚೀಸ್ ಮಾರುವ ವೀಬ್ರೆನ್‌ನದು ಒಡೆಯದೆ ತಿರುಗಿ ಬಂತು,
ಲಕೋಟೆಯ ಬೆನ್ನಿಗೆ ಒಂದು ಸಾಲು:
ಹೊಸ ಅಂಗಡಿಗೆ ಸಾಲ ತೆಗೆದಿದ್ದೇನೆ, ಇದೊಂದು ಬೇಡ.
ಬೇಡವೆನ್ನುವುದು ಅವನ ಹಕ್ಕು, ಡಾಕ್ಟರೂ ಹೇಳಿದರು.
ಅವನಿಗೆ ಮೂವರು ಮಕ್ಕಳು. ಆ ಲಕೋಟೆ
ಈಗಲೂ ಬ್ರೆಡ್ಡಿನ ಡಬ್ಬದ ಹಿಂದೆ.

ಮಗಳು ನಿಂಕೆಗೆ ಹದಿನಾರು. ಅರ್ಧಕ್ಕರ್ಧ,
ನಾಣ್ಯ ಚಿಮ್ಮಿದ ಹಾಗೆ.
ರಕ್ತ ಕೊಟ್ಟಾಗಿದೆ. ಫಲಿತಾಂಶ ಮುಂದಿನ ಗುರುವಾರ.
ಇಂದು ಭಾನುವಾರ, ಮತ್ತೆ ಕಾಲುವೆ ಬಿಗಿದಿದೆ,
ಊರಿನ ಹುಡುಗರೆಲ್ಲ ದಂಡೆಯ ಮೇಲೆ.
ಅಡುಗೆಮನೆಯಲ್ಲಿ ನಿಂಕೆ ಸ್ಕೇಟಿನ ಅಲಗು ಒರೆಸುತ್ತಾಳೆ,
ಏನೂ ಕೇಳುವುದಿಲ್ಲ.

ಹಿಸ್ಕೆ ಬೈರಿಗೆ, ಅಳತೆಪಟ್ಟಿ ಹಿಡಿದು ಇಳಿದಳು,
ಕೊರೆದಳು, ಬಗ್ಗಿ ನೋಡಿದಳು.
ಹನ್ನೆರಡು ಸೆಂಟಿಮೀಟರು.
ತಡೆಯುತ್ತದೆ; ಅವಳಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿಲ್ಲ.

‘ಸಾಲದು’ ಎಂದು ಕೂಗಿದಳು ಮನೆಯ ಕಡೆಗೆ.